ಪೂಜೆಗೆ ಕೂತ ಸ್ಪ್ಯಾನರ್

ನಮ್ಮನೆಯವರು ನನ್ನ ಹಲ್ಲುಜ್ಜುವ ಬ್ರಷ್ಷನ್ನು ನೋಡುವ ರೀತಿ ನನಗೆ ಮೊದಲಿಂದಲೂ ಸರಿಬಂದಿಲ್ಲ. ಬೆಳಿಗ್ಗೆ ಬಾಯಿ ತುಂಬ ನೊರೆ ಮಾಡಿಕೊಂಡು ನಿಂತಿರುತ್ತೇನೆ, ಪಕ್ಕದಲ್ಲಿ ಬಂದು ಬಗ್ಗಿ ನೋಡಿ, "ಎಳೆ ಎಲ್ಲಾ ಬಾಗಿಹೋಗಿದೆ ಕಣೇ, ಇದು ಸಾಕು, ಹೊಸದು ತಗೋ" ಅನ್ನುತ್ತಾರೆ. ಹೆಂಡತಿಯ ಹಲ್ಲಿನ ಮೇಲೆ ಎಷ್ಟು ಕಾಳಜಿ ಅಂತ ಮದುವೆಯಾದ ಹೊಸದರಲ್ಲಿ ಹಿಗ್ಗಿದ್ದೆ. ಆಮೇಲೆ ಗೊತ್ತಾಯಿತು, ಕಾಳಜಿ ಇರುವುದು ಬೈಕಿನ ಚೈನಿನ ಮೇಲೆ. ನಮ್ಮ ಮನೆಯಲ್ಲಿ ಹಳೇ ಬ್ರಷ್ಷು ಕಸದ ಗಾಡಿಗೆ ಹೋಗುವುದಿಲ್ಲ, ಡೀಸೆಲ್ ಡಬ್ಬಿಗೆ ಹೋಗುತ್ತದೆ. ನಾನೂ ನನ್ನ ಮಗಳು ಸಿಂಚನಾನೂ ಉಜ್ಜಿ ಬಿಟ್ಟ ಬ್ರಷ್ಷಿನಲ್ಲಿ ಆ ಚೈನು ಪ್ರತಿ ಭಾನುವಾರ ಹಲ್ಲುಜ್ಜಿಸಿಕೊಳ್ಳುತ್ತದೆ. ನಮ್ಮತ್ತೆ ಬೆರಳಿಗೆ ಹಲ್ಲುಪುಡಿ ಹಾಕಿಕೊಂಡು ಉಜ್ಜುವವರು, ಅವರಿಂದ ಚೈನಿಗೆ ಏನೂ ಲಾಭವಿಲ್ಲ.

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಮುಂದೆ ಭಾನುವಾರ ಬೆಳಿಗ್ಗೆ ನೀವು ಹಾದುಹೋದರೆ ಇವರನ್ನು ನೋಡದೆ ಇರಲಾರಿರಿ. ಹಳೇ ಬನಿಯನ್ನು, ಮಡಚಿದ ಪ್ಯಾಂಟು, ಕೆಳಗೆ ಅವತ್ತಿನ ಪೇಪರು. ನಮ್ಮಲ್ಲಿ ಭಾನುವಾರದ ಪೇಪರು ಓದುವುದಕ್ಕಿಂತ ಹಾಸುವುದಕ್ಕೇ ಹೆಚ್ಚು ಉಪಯೋಗ, ನಾನು ಎಷ್ಟೋ ಸುದ್ದಿಗಳನ್ನು ಎಣ್ಣೆಯ ಕಲೆ ಬಿಟ್ಟು ಉಳಿದ ಜಾಗದಲ್ಲಿ ಓದಿದ್ದೇನೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಚೈನಿನ ಮಣ್ಣು ತೆಗೆದು, ಒರೆಸಿ, ಎಣ್ಣೆ ಬಿಟ್ಟು, ಹಿಂದಿನ ಚಕ್ರದ ದೊಡ್ಡ ನಟ್ಟು ಸಡಿಲ ಮಾಡುತ್ತಾರೆ. ಆಮೇಲೆ ಎರಡೂ ಕಡೆಯ ಸಣ್ಣ ಬೋಲ್ಟುಗಳನ್ನು ಸಮಸಮವಾಗಿ ತಿರುಗಿಸಿ ಚಕ್ರವನ್ನು ಒಂಚೂರು ಹಿಂದಕ್ಕೆ ತರುತ್ತಾರೆ. ಚಕ್ರ ಹಿಂದೆ ಬಂದರೆ ಚೈನು ಬಿಗಿಯಾಗುತ್ತದೆ. ಪೂರ್ತಿ ಬಿಗಿ ಮಾಡುವ ಹಾಗೂ ಇಲ್ಲ. ಬೆರಳಿಟ್ಟು ಮೇಲೆ ಕೆಳಗೆ ಅಲ್ಲಾಡಿಸಿ, "ನೋಡು, ಇಷ್ಟು ಆಟ ಇರಬೇಕು" ಅಂತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಸಿಂಚನಂಗೆ ತೋರಿಸುತ್ತಾರೆ. ಅವಳು ಲಂಗ ಹಾಕುವ ಕಾಲದಿಂದ ಹಾಗೆ ಕೂತು ನೋಡಿದವಳು. ಎಲ್ಲ ಆದ ಮೇಲೆ ಕೊನೆಗೆ ಮೊಣಕೈ ಉದ್ದದ ಸ್ಪ್ಯಾನರ್ ಹಾಕಿ, ಉಸಿರು ಬಿಗಿಹಿಡಿದು, ಆ ದೊಡ್ಡ ನಟ್ಟನ್ನು ಬಿಗಿ ಮಾಡುತ್ತಾರೆ. ಹಿಂದಿನ ಚಕ್ರ ಗಾಡಿಯಲ್ಲಿ ನಿಂತಿರುವುದೇ ಆ ಒಂದು ನಟ್ಟಿನ ಮೇಲೆ.

ಈಗ ಇಷ್ಟು ಆರಾಮಾಗಿ ಹೇಳುತ್ತಿದ್ದೇನೆ. ಹೋದ ವರ್ಷದ ಆಯುಧ ಪೂಜೆಯ ಮಧ್ಯಾಹ್ನ ಆ ನಟ್ಟು ನನ್ನ ಮಗಳನ್ನೂ ಅತ್ತೆಯನ್ನೂ ಒಟ್ಟಿಗೆ ಕಿತ್ತುಕೊಂಡು ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ.

ಮೊದಲು ನಮ್ಮತ್ತೆಯ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗಲ್ಲ. ಅವರು ಸುಂಕದಕಟ್ಟೆಯವರು. ಅದು ಊರಾಗಿದ್ದಾಗ, ಅಂದರೆ ಈಗ ಮೊಬೈಲ್ ಅಂಗಡಿ ಇರುವ ಕಡೆ ರಾಗಿ ಹೊಲ ಇದ್ದಾಗ ಹುಟ್ಟಿದವರು. ಚೈನಿಗೆ ಹಾಕುವ ಎಣ್ಣೆಗೆ ಇವತ್ತಿಗೂ ಕೀಲೆಣ್ಣೆ ಅಂತಲೇ ಅನ್ನುತ್ತಾರೆ. ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕಪ್ಪು ಎಣ್ಣೆಯ ಹೆಸರು ಅದು, ಗಾಡಿಯ ಕೆಳಗೆ ಒಂದು ಬಿದಿರಿನ ಕೊಳವೆಯಲ್ಲಿ ನೇತಾಡುತ್ತಿತ್ತಂತೆ. "ಕೀಲೆಣ್ಣೆ ಹಾಕ್ದ್ಯೇನೋ ಗಾಡಿಗೆ" ಅಂತ ಭಾನುವಾರ ಕಿಟಕಿಯಿಂದ ಕೇಳುತ್ತಾರೆ. ಮಗ "ಹಾಕ್ದೆ ಅಮ್ಮ" ಅನ್ನುತ್ತಾರೆ. ತಾಯಿ ಮಗನ ನಡುವೆ ವಾರಕ್ಕೆ ಇದೊಂದು ಮಾತು ತಪ್ಪದೆ ನಡೆಯುತ್ತದೆ. ಇವರು ಅಮ್ಮನ ಎದುರು ದನಿ ಎತ್ತಿದ್ದನ್ನು ಆ ಹಬ್ಬದ ತನಕ ನಾನು ಕಂಡಿರಲಿಲ್ಲ. ನನ್ನ ಎದುರೂ ಎತ್ತಲ್ಲ, ಆದರೆ ಅದು ಬೇರೆ ಕಾರಣಕ್ಕೆ.

ಇಂಥ ಅತ್ತೆಗೆ ವರ್ಷಕ್ಕೆ ಒಂದು ದಿನ ಮನೆಯ ಪೂರಾ ಅಧಿಕಾರ ಬರುತ್ತದೆ, ಅದು ಆಯುಧ ಪೂಜೆಯ ದಿನ. ಕಬ್ಬಿಣ ಅನ್ನುವಂಥದ್ದು ಮನೆಯಲ್ಲಿ ಎಲ್ಲಿ ಇದ್ದರೂ ಹುಡುಕಿ ತಂದು ದೇವರ ಮುಂದೆ ಸಾಲಾಗಿ ಜೋಡಿಸುತ್ತಾರೆ. ಈಳಿಗೆ ಮಣೆ, ಚಾಕು, ಕತ್ತರಿ, ಸುತ್ತಿಗೆ, ನನ್ನ ಹೊಲಿಗೆ ಮಿಷನ್ನು, ಉಗುರು ಕತ್ತರಿಸುವುದು, ಒಂದು ಸಲ ಕುಕ್ಕರಿನ ವೆಯ್ಟು ಕೂಡ ಅಲ್ಲಿ ಕುಂಕುಮ ಹಚ್ಚಿಕೊಂಡು ಕೂತಿತ್ತು, ನಾನು ಅಡುಗೆಮನೆಯಲ್ಲಿ ಅದನ್ನು ಹುಡುಕಿ ಸಾಕಾಗಿದ್ದೆ. ಕುಂಕುಮ ಬಿದ್ದ ಮೇಲೆ ಮುಗಿಯಿತು. ಮಾರನೇ ದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದು ಒಂದೊಂದನ್ನೂ ಕೈಯಿಂದ ಕದಲಿಸುವ ತನಕ ಯಾರೂ ಮುಟ್ಟುವ ಹಾಗಿಲ್ಲ. ನಾನು ಹುರುಳಿಕಾಯಿಯನ್ನು ಕೈಯಲ್ಲೇ ಮುರಿದು ಪಲ್ಯ ಮಾಡುತ್ತೇನೆ. ಗಾಡಿಗೆ ಮಾತ್ರ ಈ ಕಾನೂನು ಇಲ್ಲ. ಗಾಡಿಗೆ ಪೂಜೆ ಆದ ಮೇಲೆ ಅದು ಓಡಲೇಬೇಕು, ಸುಮ್ಮನೆ ನಿಲ್ಲಬಾರದು. ಸ್ಪ್ಯಾನರ್ ಮುಟ್ಟಬಾರದು, ಗಾಡಿ ನಿಲ್ಲಬಾರದು. ಇದು ನಮ್ಮತ್ತೆಯದು ಮಾತ್ರ ಅಂದುಕೊಳ್ಳಬೇಡಿ, ಅವತ್ತು ಇಡೀ ಮಾಗಡಿ ರೋಡಿನ ಸ್ಪ್ಯಾನರುಗಳೆಲ್ಲ ಹೂ ಮುಡಿದು ಕೂತಿರುತ್ತವೆ.

ಅವತ್ತು ಬೆಳಿಗ್ಗೆ ಇವರು ಎಂದಿನ ಹಾಗೆ ಪೇಪರು ಹಾಸಿಕೊಂಡು ಕೂತಿದ್ದರು. ಪೂಜೆಗೆ ಮುಂಚೆ ಚೈನು ಸೆಟ್ ಮಾಡಿಬಿಡಬೇಕು ಅಂತ. ನಟ್ಟು ಸಡಿಲ ಮಾಡಿ, ಚಕ್ರ ಸರಿಸಿ, ಆಟ ನೋಡಿ, ಇನ್ನೇನು ಬಿಗಿ ಮಾಡಬೇಕು, ಒಳಗಿನಿಂದ ಅತ್ತೆಯ ದನಿ, "ರಾಹುಕಾಲ ಬರತ್ತೆ, ಮೊದ್ಲು ಸ್ನಾನ ಮಾಡ್ಕೊಂಡ್ ಬಾರಪ್ಪ." ಇವರು ನಟ್ಟನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಸ್ಪ್ಯಾನರನ್ನು ಪೇಪರಿನ ಮೇಲಿಟ್ಟು ಬಚ್ಚಲಿಗೆ ಹೋದರು. ತಲೆ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಸ್ಪ್ಯಾನರು ದೇವರ ಮುಂದೆ, ಸುತ್ತಿಗೆಗೂ ನನ್ನ ಕತ್ತರಿಗೂ ಮಧ್ಯೆ, ಮೂರು ಬೊಟ್ಟು ಕುಂಕುಮ ಇಡಿಸಿಕೊಂಡು ತಲೆಯ ಮೇಲೆ ಒಂದು ಸೇವಂತಿಗೆ ಹೊತ್ತುಕೊಂಡು ಕೂತಿತ್ತು.

"ಅಮ್ಮ, ಅದು ಬೇಕಿತ್ತು" ಅಂದರು ಇವರು.

"ನಾಳೆ ಬೆಳಿಗ್ಗೆ ಕದಲಿಸ್ಕೊಡ್ತೀನಿ" ಅಂದರು ಅತ್ತೆ.

ಅಷ್ಟೇ ಆಗಿದ್ದು. ನಾನು ಅಲ್ಲೇ ತೆಂಗಿನಕಾಯಿಯ ಜುಂಜು ತೆಗೆಯುತ್ತಾ ಕೂತಿದ್ದೆ, ನನ್ನ ಕಿವಿಗೂ ಬಿತ್ತು. ಯಾವುದೋ ಚಿಲ್ಲರೆ ಕೆಲಸಕ್ಕೆ ಬೇಕಿತ್ತೇನೋ ಅಂದುಕೊಂಡೆ. ಬೈಕಿನ ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಪ್ರತಿ ವರ್ಷ ಇವರು ಗಾಡಿ ಸ್ಟಾರ್ಟ್ ಮಾಡಿ ಗತ್ತಿನಲ್ಲಿ ನಿಂಬೆಹಣ್ಣಿನ ಮೇಲೆ ಹಾಯಿಸುತ್ತಿದ್ದರು. ಆ ವರ್ಷ ಕೈಯಲ್ಲೇ ತಳ್ಳಿದರು. "ಯಾಕ್ರೀ, ಪೆಟ್ರೋಲ್ ಇಲ್ವಾ?" ಅಂದೆ. "ಸುಮ್ನೆ" ಅಂದರು. ಅವರ ಲೆಕ್ಕ ಅವರಿಗೆ ಸರಿಯಾಗಿತ್ತು. ಆ ಬೈಕು ಓಡಿಸುವುದು ತಾವೊಬ್ಬರೇ, ಇವತ್ತು ಹೊರಗೆ ತೆಗೆಯುವುದಿಲ್ಲ, ನಾಳೆ ಬೆಳಿಗ್ಗೆ ಬಿಗಿ ಮಾಡಿದರಾಯಿತು. ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಒಂದೇ, ಸಿಂಚನಂಗೆ ಹೊಸದಾಗಿ ಲೈಸೆನ್ಸ್ ಬಂದಿತ್ತು.

ಒಬ್ಬಟ್ಟಿನ ಊಟ ಅಂದರೆ ಗೊತ್ತಲ್ಲ, ಮನೆ ಯಜಮಾನನನ್ನು ನೆಲಕ್ಕೆ ಕೆಡವಿಬಿಡುತ್ತದೆ. ಇವರು ರೂಮಿನಲ್ಲಿ ಗೊರಕೆ ಶುರುಮಾಡಿದರು. ಅತ್ತೆ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ಪೂಜೆ ಆದ ಗಾಡಿ ನಿಲ್ಲಬಾರದು, ಸುಂಕದಕಟ್ಟೆ ಅಮ್ಮನ ಗುಡಿ ತನಕ ಹೋಗಿ ಬರೋಣ ಅಂತ. ಸಿಂಚನ ಕುಣಿದುಬಿಟ್ಟಳು. ಅಪ್ಪ ಎದ್ದಿದ್ದರೆ ಕೀ ಕೊಡುತ್ತಿರಲಿಲ್ಲ ಅಂತ ಅವಳಿಗೂ ಗೊತ್ತು, ಅಜ್ಜಿಗೂ ಗೊತ್ತು, ನನಗೂ ಗೊತ್ತು. ಹೋಗಲಿ, ಮಗು ಆಸೆಪಡುತ್ತಿದೆ ಅಂತ ನಾನೇ ಗೇಟು ತೆಗೆದೆ. ನನ್ನ ಗಮನವೆಲ್ಲ ಅತ್ತೆಯ ಸೆರಗಿನ ಮೇಲಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಸೀರೆಯ ಸೆರಗು ಇದೇ ಚೈನಿಗೆ ಸಿಕ್ಕಿಕೊಂಡು, ವಿಜಯನಗರದಲ್ಲಿ ನಡುರಸ್ತೆಯಲ್ಲಿ ನಾನು ಬಗ್ಗಿ ನಿಂತಿದ್ದೆ, ಇವರು ಕತ್ತರಿ ಕೇಳಿಕೊಂಡು ಅಂಗಡಿ ಅಂಗಡಿ ಅಲೆದಿದ್ದರು. ಹಾಗಾಗಿ, "ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಳಿ" ಅಂತ ನಾನೇ ಸಿಕ್ಕಿಸಿದೆ. ಇಬ್ಬರಿಗೂ ಹೆಲ್ಮೆಟ್ ಹಾಕಿಸಿದೆ. ನಿಧಾನ ಅಂದೆ. ಎಲ್ಲ ಜವಾಬ್ದಾರಿ ಮುಗಿಸಿದ ಹಾಗೆ ಒಳಗೆ ಬಂದು ಕಾಫಿಗೆ ಇಟ್ಟೆ.

ಇವರು ಎದ್ದು ಬಂದು ಜಗಲಿಯಲ್ಲಿ ನಿಂತು ಮೈಮುರಿದರು. ನಾನು ಲೋಟ ಹಿಡಿದುಕೊಂಡು ಬಂದೆ.

"ಗಾಡಿ ಎಲ್ಲೇ?"

"ಸಿಂಚನ ತಗೊಂಡು ಹೋದ್ಲು. ಅತ್ತೆನೂ ಹೋದ್ರು, ಸುಂಕದಕಟ್ಟೆ ಗುಡಿಗೆ. ಬೈಬೇಡಿ ಅವಳ್ನ, ನಾನೇ ಕಳ್ಸಿದ್ದು."

ಇವರು ಬೈಯಲಿಲ್ಲ. ನಿಂತಲ್ಲೇ ಮೆಟ್ಟಿಲ ಮೇಲೆ ಕೂತರು. "ನಟ್ಟು ಬಿಗಿ ಮಾಡಿಲ್ಲ ಕಣೇ" ಅಂದರು.

"ಯಾವ ನಟ್ಟು?"

"ಹಿಂದಿನ ಚಕ್ರದ್ದು. ಕೈಯಲ್ಲಿ ತಿರುಗ್ಸಿ ನಿಲ್ಸಿದ್ದೆ ಅಷ್ಟೇ. ಸ್ಪ್ಯಾನರು ಪೂಜೆಗೆ ಕೂತಿತ್ತಲ್ಲ."

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಅದು ಕೈಜಾರಿ ಬೀಳಲಿಲ್ಲ, ಚೆಲ್ಲಲಿಲ್ಲ. ಸರಿಯಾಗಿ ಗೋಡೆ ಪಕ್ಕ, ಯಾರೂ ಎಡವದ ಹಾಗೆ ಇಟ್ಟೆ. ಅಷ್ಟು ಹೊತ್ತಿಗೆ ಚಕ್ರ ಕಳಚಿ ಬೇರೆ ದಿಕ್ಕಿಗೆ ಉರುಳಿಕೊಂಡು ಹೋಗುವುದೂ, ನನ್ನ ಮಗಳು ಒಂದು ಕಡೆ, ಅತ್ತೆ ಒಂದು ಕಡೆ, ಹಿಂದಿನಿಂದ ಬಸ್ಸು, ಎಲ್ಲ ನನ್ನ ಕಣ್ಣ ಮುಂದೆ ನಡೆದುಹೋಗಿತ್ತು.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಗಾಡಿ ಓಡಿಸುವಾಗ ಯಾರ ಫೋನು ಬಂದರೂ ಎತ್ತಬೇಡ, ನನ್ನದು ಬಂದರೂ ಎತ್ತಬೇಡ ಅಂತ ಅವಳಿಗೆ ಪಾಠ ಮಾಡಿದವಳು ನಾನೇ. ಎತ್ತುತ್ತಿಲ್ಲ ಅಂದರೆ ಇನ್ನೂ ಓಡಿಸುತ್ತಿದ್ದಾಳೆ ಅಂತ ಸಮಾಧಾನ ಮಾಡಿಕೊಳ್ಳಬೇಕೋ, ಎತ್ತುವ ಸ್ಥಿತಿಯಲ್ಲಿ ಇಲ್ಲ ಅಂತ ಹೆದರಬೇಕೋ. ಅತ್ತೆಯ ಫೋನು ಟೀವಿ ಪಕ್ಕ ಚಾರ್ಜಿಗೆ ಹಾಕಿತ್ತು, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು.

ಇವರು ಒಳಗೆ ಹೋಗಿ ದೇವರ ಮುಂದೆ ನಿಂತರು. ಆ ಆತಂಕದಲ್ಲೂ ಒಂದು ಗಳಿಗೆ ನಿಂತರು, ನಾನು ನೋಡಿದೆ. ಅಮ್ಮ ಇಟ್ಟ ಜಾಗದಿಂದ ಅಮ್ಮ ಕದಲಿಸದೆ ಒಂದು ಸಾಮಾನು ತೆಗೆಯುವುದು ಆ ಮನುಷ್ಯನಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆಮೇಲೆ ಬಗ್ಗಿ ಸ್ಪ್ಯಾನರು ತೆಗೆದುಕೊಂಡರು. ಸೇವಂತಿಗೆ ಹೂ ಪಕ್ಕದ ಸುತ್ತಿಗೆಯ ಮೇಲೆ ಬಿತ್ತು. "ನಡಿ" ಅಂದರು. ಗೇಟಿನ ಪಕ್ಕ ಹಾರ ಹಾಕಿಕೊಂಡು ನಿಂತಿದ್ದ ನನ್ನ ಸ್ಕೂಟರಿನ ಕೀಯನ್ನು ಎರಡು ಸಲ ತೂತಿನ ಪಕ್ಕಕ್ಕೆ ಹಾಕಿದರು. ಕೀ ಕಿತ್ತುಕೊಂಡು ನಾನೇ ಓಡಿಸಿದೆ, ಅವರು ಹಿಂದೆ ಕೂತರು.

ಮಾಗಡಿ ರೋಡಿಗೆ ಬಂದ ಮೇಲೆ ತಿಳಿಯಿತು, ಇದು ಆಗದ ಕೆಲಸ ಅಂತ. ಅವತ್ತು ಊರಿನ ಬೈಕುಗಳೆಲ್ಲ ಒಂದೇ ಥರ. ಎಲ್ಲಕ್ಕೂ ಚೆಂಡುಹೂವು, ಎಲ್ಲಕ್ಕೂ ಬಾಳೆಕಂದು. ಪ್ರತಿ ಹಳೇ ಕಪ್ಪು ಬೈಕೂ ನಮ್ಮದೇ ಅನ್ನಿಸುತ್ತಿತ್ತು. ರಸ್ತೆಯ ತುಂಬ ಒಡೆದ ಬೂದುಗುಂಬಳಕಾಯಿ, ತಿರುಳಿನ ಮೇಲೆ ಕುಂಕುಮ, ಚಕ್ರಕ್ಕೆ ಸಿಕ್ಕಿ ನುಣ್ಣಗೆ ಅರೆದುಹೋಗಿ ಜಾರುತ್ತಿತ್ತು. ನಾನು ಜಾರದ ಹಾಗೆ ನೋಡಿಕೊಳ್ಳುತ್ತಾ, ನನ್ನ ಮಗಳು ಇದರ ಮೇಲೇ ಹೋಗಿದ್ದಾಳಲ್ಲ ಅಂತ ಅಂದುಕೊಳ್ಳುತ್ತಾ ಹೋಗುತ್ತಿದ್ದೆ. ಇವರು ಹಿಂದಿನಿಂದ, "ಎಡಗಡೆ ನೋಡು, ಎಡಗಡೆ ನೋಡು" ಅನ್ನುತ್ತಿದ್ದರು. ನಿಂತಿದ್ದರೆ ಎಡಗಡೆ ನಿಂತಿರುತ್ತಾರೆ ಅನ್ನುವುದು ಅವರ ಲೆಕ್ಕ. ಬಿದ್ದಿದ್ದರೆ ಎಲ್ಲಿ ಅಂತ ಇಬ್ಬರೂ ಮಾತಾಡಲಿಲ್ಲ.

ಕಾಮಾಕ್ಷಿಪಾಳ್ಯದಲ್ಲಿ ಗಾಡಿಗಳು ನಿಂತುಬಿಟ್ಟವು. ವರ್ಕ್‌ಶಾಪುಗಳ ಮುಂದೆ ಶಾಮಿಯಾನ, ಮೈಕು, ಕುಂಬಳಕಾಯಿ ಒಡೆಯಲು ರಸ್ತೆಗೇ ಬಂದು ನಿಂತ ಜನ. ನಾನು ಹುಟ್ಟಿ ಬೆಳೆದದ್ದು ಇದೇ ಬೀದಿಗಳಲ್ಲಿ. ಎಂಥ ಹೊತ್ತಿನಲ್ಲಿ ಎಂಥ ನೆನಪು ಬರುತ್ತದೆ ನೋಡಿ, ನಮ್ಮಪ್ಪನ ಸೈಕಲ್ಲು ನೆನಪಾಯಿತು. ಲೇತ್ ಕೆಲಸಕ್ಕೆ ಹೋಗುವ ಮುಂಚೆ ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದರು. ಏರು ಬಂದಾಗ ಚೈನು ಕಟ್ ಅಂತ ಕಳಚಿಕೊಳ್ಳುತ್ತಿತ್ತು, ಪೆಡಲು ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ನನಗೆ ಅದು ಖುಷಿ, ಇಳಿದು ನಿಲ್ಲಬಹುದಲ್ಲ. ಅಪ್ಪ ಒಂದು ಕಡ್ಡಿ ಹುಡುಕಿ ಚೈನನ್ನು ಹಲ್ಲಿಗೆ ಕೂರಿಸಿ, ಕಪ್ಪಾದ ಬೆರಳನ್ನು ನನ್ನ ಮೂಗಿಗೆ ಒತ್ತುತ್ತಿದ್ದರು. ಸ್ಕೂಲಿನಲ್ಲಿ ಎಲ್ಲರೂ ನಗುವ ತನಕ ನನಗೆ ಗೊತ್ತೇ ಆಗುತ್ತಿರಲಿಲ್ಲ. ಚೈನು ಕಳಚಿದರೆ ನಗು ಬರುತ್ತಿದ್ದ ಕಾಲ ಅದು. ಸೈಕಲ್ಲು ನಿಂತುಹೋಗುತ್ತಿತ್ತು, ಅಷ್ಟೇ, ಯಾರಿಗೂ ಏನೂ ಆಗುತ್ತಿರಲಿಲ್ಲ.

"ಅಕ್ಕ, ಪ್ರಸಾದ ತಗೊಳಿ" ಅಂತ ಯಾರೋ ಕಡ್ಲೆಪುರಿಯ ಕವರನ್ನು ನನ್ನ ಕೈಗೆ ತುರುಕಿದರು. ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡೆ. ಇವರು ಸ್ಕೂಟರಿನಿಂದ ಇಳಿದು ಮುಂದೆ ಹೋಗಿ, ಸ್ಪ್ಯಾನರು ಹಿಡಿದ ಕೈಯನ್ನು ಮೇಲೆತ್ತಿ, "ಜಾಗ ಬಿಡಿ ಗುರು, ಸ್ವಲ್ಪ ಜಾಗ ಬಿಡಿ" ಅಂತ ಕೂಗುತ್ತಿದ್ದರು. ಜನ ಜಗಳಕ್ಕೆ ಬಂದ ಮನುಷ್ಯ ಅಂದುಕೊಂಡು ದಾರಿ ಬಿಟ್ಟರು.

ಸುಮನಹಳ್ಳಿ ಸೇತುವೆ ಹತ್ತಿರ ಗುಂಪು ಕಂಡಿತು. ರಸ್ತೆಯ ಮಧ್ಯೆ ಜನ ಸುತ್ತುಗಟ್ಟಿ ನಿಂತು ಕೆಳಗೆ ನೋಡುತ್ತಿದ್ದರು. ಕಾಲುಗಳ ಸಂದಿಯಿಂದ ಒಂದು ಕಪ್ಪು ಬೈಕು ಅಡ್ಡ ಬಿದ್ದಿದ್ದು ಕಾಣಿಸಿತು, ಮುರಿದ ಬಾಳೆಕಂದು, ಚೆಲ್ಲಾಪಿಲ್ಲಿಯಾದ ಚೆಂಡುಹೂವು. ನಾನು ಸ್ಕೂಟರನ್ನು ಸ್ಟ್ಯಾಂಡ್ ಹಾಕಿದೆನೋ ಹಾಗೇ ಬಿಟ್ಟೆನೋ ಗೊತ್ತಿಲ್ಲ. ಇವರು ಗುಂಪಿನೊಳಗೆ ನುಗ್ಗಿದರು. ನಾನು ಹೊರಗೇ ನಿಂತೆ. ನನಗೆ ನೋಡುವುದು ಬೇಡವಾಗಿತ್ತು.

"ಏನೂ ಆಗಿಲ್ರೀ ಅಣ್ಣಾರ, ಕುಂಬಳಕಾಯಿ ಮ್ಯಾಲ ಜಾರಿತ್ರಿ" ಅನ್ನುತ್ತಿತ್ತು ಒಂದು ಗಂಡುದನಿ. ಊಟ ತಲುಪಿಸುವ ಹುಡುಗ, ಉತ್ತರ ಕರ್ನಾಟಕದ ಕಡೆಯವನು. ಮೊಣಕೈ ತರಚಿ ರಕ್ತ ಸೋರುತ್ತಿತ್ತು, ಪಕ್ಕದಲ್ಲಿ ಯಾರದೋ ಸಾಂಬಾರು ಚೆಲ್ಲಿತ್ತು. ನಾನು ಅಲ್ಲೇ ನಿಂತು ದೇವರಿಗೆ ಕೈ ಮುಗಿದೆ. ಯಾರದೋ ಮಗ ರಕ್ತ ಸೋರಿಸಿಕೊಂಡು ಕೂತಿದ್ದಾನೆ, ನಾನು ಕೈ ಮುಗಿಯುತ್ತಿದ್ದೇನೆ. ತಾಯಂದಿರು ಒಳ್ಳೆಯ ಜನ ಅಂತ ಯಾರಾದರೂ ಹೇಳಿದರೆ ನಾನೀಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಅವನಿಗೆ ನನ್ನ ನೀರಿನ ಬಾಟಲಿ ಕೊಟ್ಟು ಮತ್ತೆ ಸ್ಕೂಟರು ಹತ್ತಿದೆವು.

ಸೇತುವೆ ದಾಟಿ ಇನ್ನೇನು ಸುಂಕದಕಟ್ಟೆ ಬಂತು ಅನ್ನುವಾಗ, ರಸ್ತೆಯ ಮೇಲೆ ನಮ್ಮತ್ತೆ ನಿಂತಿದ್ದರು. ತಲೆಯಲ್ಲಿ ಹೆಲ್ಮೆಟ್ಟು, ಸೊಂಟದಲ್ಲಿ ನಾನು ಸಿಕ್ಕಿಸಿದ ಸೆರಗು, ಕೈಯಲ್ಲಿ ಬೈಕಿನಿಂದ ಕಿತ್ತ ಬಾಳೆಕಂದು. ಅದನ್ನು ಬೀಸುತ್ತಾ ಬರುವ ಬಸ್ಸು ಲಾರಿಗಳನ್ನೆಲ್ಲ ಬಲಗಡೆಗೆ ಅಟ್ಟುತ್ತಿದ್ದರು. ಒಂದು ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ಏನೋ ಅಂದ. ಅತ್ತೆ ಬಾಳೆಕಂದಿನಲ್ಲೇ ಬಸ್ಸಿಗೆ ಒಂದು ಬಿಟ್ಟರು. ಅವರ ಹಿಂದೆ ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು, ಹಿಂದಿನ ಚಕ್ರದ ಪಕ್ಕ ಸಿಂಚನ ಕುಕ್ಕರಗಾಲಲ್ಲಿ ಕೂತಿದ್ದಳು.

ನಾನು ಓಡಿಹೋಗಿ ಅವಳ ಭುಜ ಹಿಡಿದೆ. ಅವಳು ತಿರುಗಲಿಲ್ಲ. ಎರಡು ಬೆರಳಿನಲ್ಲಿ ಆ ನಟ್ಟನ್ನು ಅದುಮಿ ಹಿಡಿದುಕೊಂಡಿದ್ದಳು. ನಟ್ಟು ಕಟ್ಟಕಡೆಯ ಸುತ್ತಿನಲ್ಲಿತ್ತು, ಕೈ ಬಿಟ್ಟರೆ ಕಳಚಿ ಬೀಳುವ ಹಾಗೆ.

"ಬಿಡು ಮಗ" ಅಂದೆ.

"ಬಿಟ್ರೆ ಬೀಳತ್ತಮ್ಮ."

ನಿಂತ ಗಾಡಿಯ ನಟ್ಟು ಬಿದ್ದರೆ ಏನಾಗುತ್ತದೆ, ಎತ್ತಿ ಮತ್ತೆ ಹಾಕಿದರಾಯಿತು. ಅದು ಅವಳಿಗೂ ಗೊತ್ತು. ಆದರೂ ಬಿಟ್ಟಿರಲಿಲ್ಲ, ನನ್ನ ಫೋನು ಎತ್ತುವುದಕ್ಕೂ. ಓಡಿಸುತ್ತಿರುವಾಗ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬಂತಂತೆ, ಚೈನು ಕವರಿಗೆ ಬಡಿದ ಹಾಗೆ. ಮುಂಚೆ ಯಾವತ್ತೂ ಕೇಳದ ಸದ್ದು ಅಂತ ತಕ್ಷಣ ನಿಧಾನ ಮಾಡಿ ಪಕ್ಕಕ್ಕೆ ತಂದು ನಿಲ್ಲಿಸಿ ನೋಡಿದ್ದಾಳೆ. ಎದುರುಗಡೆ ಪಂಕ್ಚರ್ ಅಂಗಡಿ ಇತ್ತು. ಅಲ್ಲಿಗೆ ಓಡಿ ಸ್ಪ್ಯಾನರ್ ಕೇಳಿದರೆ ಅಂಗಡಿಯವನು, "ಟೂಲ್ಸ್ ಎಲ್ಲಾ ಪೂಜೆಗೆ ಕೂತಿದೆ ಮೇಡಂ, ಮುಟ್ಟಂಗಿಲ್ಲ, ನಾಳೆ ಬನ್ನಿ" ಅಂದು ಶಟರ್ ಎಳೆದುಕೊಂಡು ಊಟಕ್ಕೆ ಹೋದನಂತೆ. "ಅಜ್ಜಿ ಅವನ ಮೇಲೆ ಹೆಂಗೆ ಬಿದ್ರು ಗೊತ್ತಾಮ್ಮ" ಅಂದಳು ಸಿಂಚನ ಸಣ್ಣ ದನಿಯಲ್ಲಿ. "ಮಕ್ಕಳ ಜೀವಕ್ಕಿಂತ ನಿನ್ ಸ್ಪ್ಯಾನರು ದೊಡ್ಡದೇನಪ್ಪ ಅಂದ್ರು. ಆಮೇಲಿಂದ ಒಂದು ಮಾತೂ ಆಡಿಲ್ಲ."

ಅಷ್ಟರಲ್ಲಿ ಅತ್ತೆ ಬಾಳೆಕಂದು ಕೆಳಗೆ ಹಾಕಿ ನಮ್ಮ ಕಡೆ ಬಂದಿದ್ದರು. ಇವರ ಕೈಯಲ್ಲಿ ಸ್ಪ್ಯಾನರು. ಬೆವರಿಗೆ ಕುಂಕುಮವೆಲ್ಲ ಅಂಗೈಗೆ ಅಂಟಿತ್ತು. ಅತ್ತೆ ನೋಡಿದರು.

"ಬಿಗಿ ಮಾಡೋದು ಮರ್ತೆ ಅಮ್ಮ" ಅಂದರು ಇವರು.

"ಮರೆಯೋನಲ್ಲ ನೀನು" ಅಂದರು ಅತ್ತೆ.

ಇವರು ಅಂಗೈಯ ಕುಂಕುಮ ನೋಡಿಕೊಂಡರು.

"ಮೊದ್ಲೇ ಹೇಳ್ಬೇಕಿತ್ತು ಕಣೋ."

"ಹೇಳಿದ್ನಲ್ಲಮ್ಮ. ಅದು ಬೇಕಿತ್ತು ಅಂತ."

"ಜೋರಾಗಿ ಹೇಳ್ಬೇಕಿತ್ತು" ಅಂದರು ಅತ್ತೆ. ಅಂದು, ಮುಖ ರಸ್ತೆಯ ಕಡೆ ತಿರುಗಿಸಿಕೊಂಡರು. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದರು ಅಂತ ನನಗೆ ಭುಜ ನೋಡಿ ತಿಳಿಯಿತು. ಅವರ ಹತ್ತಿರ ಹೋಗಿ ನಿಲ್ಲಬೇಕು ಅನ್ನಿಸಿತು, ಹೋಗಿ ನಿಂತೆ. ನನ್ನ ಕೈ ಹುಡುಕಿ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹಿಡಿದದ್ದು ಅವತ್ತೇ.

ಇವರು ಮಗಳ ಬೆರಳು ಒಂದೊಂದಾಗಿ ಬಿಡಿಸಿ, ನಟ್ಟು ತಿರುಗಿಸಿ, ಸ್ಪ್ಯಾನರು ಹಾಕಿ ಬಿಗಿ ಮಾಡಿದರು. ಚಕ್ರದ ಎರಡೂ ಕಡೆ ನೋಡಿದರು. ಚೈನಿಗೆ ಬೆರಳಿಟ್ಟು ಆಟ ನೋಡಿದರು. ಮತ್ತೆ ಸ್ಪ್ಯಾನರು ಹಾಕಿದರು. ಬಿಗಿಯಾಗಿದ್ದನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದರು, ಕೊನೆಗೆ ನಾನೇ ಸಾಕು ಅಂದೆ.

"ಅಜ್ಜಿ, ಗುಡಿಗೆ?" ಅಂದಳು ಸಿಂಚನ.

"ಆ ತಾಯಿ ಇಲ್ಲಿಗೇ ಬಂದು ಹೋದ್ಲು" ಅಂದರು ಅತ್ತೆ. "ಮನೆಗೆ ನಡಿ."

ಇವರು ಕೀಗೆ ಕೈ ಚಾಚಿದರು. ಸಿಂಚನ ತಕ್ಷಣ ಕೊಟ್ಟುಬಿಟ್ಟಳು, ಬಿಸಿ ಪಾತ್ರೆ ದಾಟಿಸುವವಳ ಹಾಗೆ. "ನಾನಿನ್ನು ಇದನ್ನ ಮುಟ್ಟಲ್ಲಪ್ಪ" ಅಂದಳು. ಅಪ್ಪನ ಜೊತೆ ವರ್ಷಗಟ್ಟಲೆ ಜಗಳವಾಡಿ ಕಲಿತ ಗಾಡಿ ಅದು. ನನಗೆ ಒಳಗೊಳಗೇ ಸಮಾಧಾನವೇ ಆಯಿತು. ಮುಟ್ಟದಿದ್ದರೆ ಬೇಡ, ಬಸ್ಸಿದೆ, ಮೆಟ್ರೋ ಇದೆ, ಬದುಕಿರಲಿ ಸಾಕು.

ಅತ್ತೆ ಮಗನ ಕೈಯಿಂದ ಕೀ ತೆಗೆದುಕೊಂಡು ವಾಪಸು ಮೊಮ್ಮಗಳ ಕೈಗೆ ಇಟ್ಟರು. "ಇವಳೇ ಓಡಿಸ್ಲಿ."

"ಅಮ್ಮ" ಅಂದರು ಇವರು. ದನಿ ಎತ್ತಿದ್ದರು.

"ಇವತ್ತು ಇಳಿದ್ರೆ ಇನ್ನು ಹತ್ತಲ್ಲ ಕಣೋ ಇವಳು" ಅಂದರು ಅತ್ತೆ. ಸೆರಗು ತಾವೇ ಸಿಕ್ಕಿಸಿಕೊಂಡು, ಬೈಕಿನ ಪಕ್ಕ ಹೋಗಿ ನಿಂತು, ಮೊಮ್ಮಗಳು ಹತ್ತುವ ತನಕ ಕಾದರು. ಸಿಂಚನ ನನ್ನ ಮುಖ ನೋಡಿದಳು. ಬೇಡ ಅನ್ನಬೇಕು ಅಂತಿದ್ದೆ. ಹೂಂ ಅಂದೆ. ಅವಳು ಹತ್ತಿದಳು. ಅತ್ತೆ ಅವಳ ಹಿಂದೆ ಕೂತು ಸೊಂಟ ಬಳಸಿ ಹಿಡಿದುಕೊಂಡರು.

ನಾವಿಬ್ಬರೂ ಸ್ಕೂಟರಿನಲ್ಲಿ ಅವರ ಬೆನ್ನ ಹಿಂದೆಯೇ ಹೊರಟೆವು. ನಾನು ಬೇರೆ ಏನನ್ನೂ ನೋಡಲಿಲ್ಲ, ಆ ಹಿಂದಿನ ಚಕ್ರವೊಂದನ್ನೇ ನೋಡುತ್ತಿದ್ದೆ. ಇವರು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು, "ಚಕ್ರ ಸರಿಯಾಗಿ ತಿರುಗ್ತಿದೆಯಾ?" ಅಂದರು.

"ಎದುರಿಗೇ ಇದೆಯಲ್ರೀ, ನೀವೇ ನೋಡ್ಬಾರ್ದಾ?" ಅಂದೆ.

ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದರು.

"ತಿರುಗ್ತಿದೆ" ಅಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು, ಮತ್ತೆ ಹೇಳಿದೆ. ಗೋವಿಂದರಾಜನಗರ ಬರುವ ತನಕ ಅವರು ಕೇಳುತ್ತಲೇ ಇದ್ದರು, ನಾನು ತಿರುಗ್ತಿದೆ, ತಿರುಗ್ತಿದೆ ಅಂತ ಹೇಳುತ್ತಲೇ ಇದ್ದೆ.